ಇಸವಿ ಗೊತ್ತಿದ್ದರೆ ಸಾಲದು: ಇತಿಹಾಸದ ಹುಚ್ಚಿರುವವರು ಯಾವ ಕಾಲವನ್ನು ಚೆನ್ನಾಗಿ ಓದಬೇಕು?

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಸಭೆಯಲ್ಲಿ ಮಾತಾಡಲು ನನ್ನನ್ನು ಕರೆದಿದ್ದರು. ಮೂವತ್ತು ಜನ ಇದ್ದರೇನೋ. ನಾನು ಗತ್ತಿನಿಂದಲೇ ಶುರು ಮಾಡಿದೆ. "1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು. ಸಾಂಬಾರ ಪದಾರ್ಥಗಳ ದಾರಿ ಮುಚ್ಚಿಹೋಯಿತು. ಅದಕ್ಕೇ ಯೂರೋಪಿನವರು ಹೊಸ ಸಮುದ್ರಮಾರ್ಗ ಹುಡುಕಿದರು." ನಾವೆಲ್ಲ ಬಾಯಿಪಾಠ ಮಾಡಿದ ಸಾಲು ಅದು, ಅಲ್ವಾ? ಹಿಂದೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಕೈ ಎತ್ತಿದರು. "ಪೋರ್ಚುಗೀಸರು ಆಫ್ರಿಕಾದ ಸ್ಯೂಟಾ ಹಿಡಿದಿದ್ದು 1415ರಲ್ಲಿ. ಆಫ್ರಿಕಾದ ಪಶ್ಚಿಮ ತೀರದ ಬೊಹಾದೋರ್ ಭೂಶಿರ ದಾಟಿದ್ದು 1434ರಲ್ಲಿ. ಮುಂಬಾಗಿಲು ಇನ್ನೂ ತೆರೆದೇ ಇರುವಾಗ ಅವರು ಹಿತ್ತಿಲ ದಾರಿ ಯಾಕೆ ಹುಡುಕುತ್ತಿದ್ದರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಲೋಟ ಎತ್ತಿ ನೀರು ಕುಡಿದೆ.

ಮನೆಗೆ ಬಂದು ಪುಸ್ತಕ ತೆಗೆದೆ. ಮೆಣಸಿನ ದೊಡ್ಡ ಪಾಲು ವೆನಿಸ್‌ಗೆ ಹೋಗುತ್ತಿದ್ದುದು ಕೆಂಪು ಸಮುದ್ರ, ಕೈರೋ, ಅಲೆಕ್ಸಾಂಡ್ರಿಯಾ ದಾರಿಯಲ್ಲಿ. ಆಗ ಈಜಿಪ್ಟ್ ಇದ್ದದ್ದು ಮಾಮ್ಲೂಕರ ಕೈಯಲ್ಲಿ. ಆಟೋಮನ್ನರು ಅದನ್ನು ಗೆದ್ದಿದ್ದು 1517ರಲ್ಲಿ. ಅಷ್ಟರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದು 19 ವರ್ಷ ಆಗಿತ್ತು. ಪೋರ್ಚುಗೀಸರಿಗೆ ಮೊದಲು ಬೇಕಾಗಿದ್ದು ಆಫ್ರಿಕಾದ ಚಿನ್ನ ಮತ್ತು ಗುಲಾಮರು. ಆಮೇಲೆ ಮೆಣಸು, ಅದೂ ದಾರಿ ಮುಚ್ಚಿತು ಅಂತಲ್ಲ, ಮಧ್ಯದವರ ಲಾಭ ತಪ್ಪಿಸಿ ತಾವೇ ತರೋಣ ಅಂತ. ನನಗೆ ಇಸವಿ ಗೊತ್ತಿತ್ತು, ಕಾಲ ಗೊತ್ತಿರಲಿಲ್ಲ.

ನಾನು ಇತಿಹಾಸದ ಮೇಷ್ಟ್ರಲ್ಲ. ಹಗಲು ಲೆಕ್ಕಪತ್ರ ನೋಡುವ ಕೆಲಸ, ರಾತ್ರಿ ಓದು. ಆ ಸಭೆಯ ನಂತರ ಓದುವ ರೀತಿ ಬದಲಾಯಿಸಿಕೊಂಡೆ. "ಯಾವ ಕಾಲ ಓದಲಿ?" ಎಂದು ಯಾರಾದರೂ ಕೇಳಿದರೆ ಈಗ ಹೇಳುವುದು ಇಷ್ಟು.

ಮೊದಲು, ಎಲ್ಲವನ್ನೂ ಓದುವ ಆಸೆ ಬಿಡಿ. ನಾನು ಎರಡು ವರ್ಷ ರಾಜವಂಶಗಳ ಪಟ್ಟಿ ಬರೆದೆ. ಯಾರಾದ ಮೇಲೆ ಯಾರು, ಯಾರ ಮಗ ಯಾರು. ಈಗ ಅದರಲ್ಲಿ ಕಾಲು ಭಾಗವೂ ತಲೆಯಲ್ಲಿಲ್ಲ. ಅದರ ಬದಲು ಕೀಲುಗಳನ್ನು ಹುಡುಕಿ. ಬಾಗಿಲು ಎಷ್ಟೇ ದೊಡ್ಡದಿರಲಿ, ತಿರುಗುವುದು ಒಂದು ಸಣ್ಣ ಕೀಲಿನ ಮೇಲೆ. ಮೂವತ್ತು ನಲವತ್ತು ವರ್ಷದೊಳಗೆ ಜನ ಬದುಕುವ, ವ್ಯಾಪಾರ ಮಾಡುವ, ಆಳುವ ರೀತಿ ಬದಲಾದ ಕಾಲಗಳು ಕೆಲವಿವೆ. ಅಂಥ ಆರೇಳು ಕಾಲ ಗಟ್ಟಿಯಾದರೆ ಮಧ್ಯದ ಶತಮಾನಗಳು ತಾವಾಗಿ ಜಾಗಕ್ಕೆ ಬಂದು ಕೂರುತ್ತವೆ.

ಚೆನ್ನಾಗಿ ಗೊತ್ತು ಅಂದರೆ ಎಷ್ಟು ಗೊತ್ತಿರಬೇಕು? ನನ್ನ ಅಳತೆ ಹೀಗಿದೆ. ಆ ಕಾಲದ ಯಾವುದಾದರೂ ಒಂದು ವರ್ಷ ತೆಗೆದುಕೊಳ್ಳಿ. ಆಗ ಮೂವತ್ತು ವರ್ಷದವರೊಬ್ಬರಿಗೆ ಏನೇನು ನೆನಪಿತ್ತು? ಮುಂದೆ ಏನಾಗುತ್ತೆ ಅಂತ ಅಂದುಕೊಂಡಿದ್ದರು? ಅದೇ ವರ್ಷ ದೂರದ ಇನ್ನೆರಡು ಜಾಗಗಳಲ್ಲಿ ಏನು ನಡೀತಿತ್ತು? ಇದನ್ನು ಪುಸ್ತಕ ನೋಡದೆ ಹತ್ತು ನಿಮಿಷ ಹೇಳಲು ಬಂದರೆ ಆ ಕಾಲ ನಿಮ್ಮದು.

630ರ ದಶಕ

ನನ್ನ ಮೆಚ್ಚಿನ ಕೀಲು ಇದು. ಕನ್ನಡ ಓದುವವರಿಗೆ ಹಿಡಿದುಕೊಳ್ಳಲು ಒಂದು ಒಳ್ಳೆಯ ಗೂಟ ಇಲ್ಲಿ ಸಿಗುತ್ತದೆ: ಐಹೊಳೆಯ ಮೇಗುತಿ ಬಸದಿಯ ಶಾಸನ. ರವಿಕೀರ್ತಿ ಬರೆದದ್ದು, ಶಕ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದ ಸಂಗತಿಯನ್ನು ರವಿಕೀರ್ತಿ ಒಂದು ಪದದಾಟದಲ್ಲಿ ಹೇಳುತ್ತಾನೆ. ಯುದ್ಧದಲ್ಲಿ ಆನೆಗಳು ಬಿದ್ದವು, ಹರ್ಷನ ಹರ್ಷ ಭಯದಿಂದ ಕರಗಿಹೋಯಿತು ಎಂದು. ಆಸ್ಥಾನದ ಕವಿಯ ಹೊಗಳಿಕೆ ತಾನೇ, ನಂಬುವುದು ಹೇಗೆ ಅನ್ನಿಸುತ್ತದೆ. ಆದರೆ ಇದೇ ಸಂಗತಿಗೆ ಇನ್ನೊಬ್ಬ ಸಾಕ್ಷಿ ಇದ್ದಾನೆ. ಚೀನಾದ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್. ಅವನು ಹರ್ಷನ ಆತಿಥ್ಯ ಉಂಡವನು, ಅವನನ್ನು ಮೆಚ್ಚಿ ಬರೆದವನು. ಅವನೂ ಹೇಳುತ್ತಾನೆ, ಹರ್ಷ ಈ ರಾಜ್ಯವನ್ನು ಮಣಿಸಲಾಗಲಿಲ್ಲ ಎಂದು. ಇಲ್ಲಿನ ಯೋಧರು ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ ಎಂದೂ ಬರೆದಿದ್ದಾನೆ. ಗೆದ್ದವನ ಕವಿ ಮತ್ತು ಸೋತವನ ಅತಿಥಿ, ಇಬ್ಬರ ಲೆಕ್ಕವೂ ತಾಳೆಯಾಗುತ್ತದೆ. ನಮ್ಮ ಕೆಲಸದಲ್ಲಿ ಹೀಗೆ ಎರಡು ಪುಸ್ತಕ ತಾಳೆಯಾದರೆ ಆ ದಿನ ಬೇಗ ಮನೆಗೆ ಹೋಗಬಹುದು.

ಈಗ ಅದೇ ವರ್ಷಗಳಲ್ಲಿ ನಿಂತು ಸುತ್ತ ನೋಡಿ. ರೋಮನ್ನರ ಪೂರ್ವ ಸಾಮ್ರಾಜ್ಯ ಮತ್ತು ಪರ್ಷಿಯಾದ ಸಸ್ಸಾನಿಯರು 602ರಿಂದ 628ರವರೆಗೆ ಬಡಿದಾಡಿ ಇಬ್ಬರೂ ಸುಸ್ತಾಗಿದ್ದಾರೆ. 632ರಲ್ಲಿ ಪ್ರವಾದಿ ಮುಹಮ್ಮದ್ ತೀರಿಕೊಂಡಿದ್ದಾರೆ. 636ರಲ್ಲಿ ಯರ್ಮೂಕ್ ಯುದ್ಧ, ಸಿರಿಯಾ ಅರಬರ ಪಾಲು. 642ರಲ್ಲಿ ನಹಾವಂದ್ ಯುದ್ಧ, ಪರ್ಷಿಯಾದ ಬೆನ್ನು ಮುರಿಯಿತು. ಅದೇ 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಚೀನಾದಲ್ಲಿ ಟ್ಯಾಂಗ್ ವಂಶ 618ರಲ್ಲಿ ಶುರುವಾಗಿ ಏರುಗತಿಯಲ್ಲಿದೆ. ಕೊನೆಯ ಸಸ್ಸಾನಿಯ ರಾಜನ ಮಗ ಆಮೇಲೆ ಓಡಿಹೋಗಿ ಆಶ್ರಯ ಪಡೆದದ್ದು ಆ ಟ್ಯಾಂಗ್ ಆಸ್ಥಾನದಲ್ಲೇ. ಇನ್ನು ಬ್ರಹ್ಮಗುಪ್ತ 628ರಲ್ಲಿ ಸೊನ್ನೆಯ ಜೊತೆ ಕೂಡುವ, ಕಳೆಯುವ ನಿಯಮ ಬರೆದಿಟ್ಟ. ಇವೆಲ್ಲ ಬೇರೆ ಬೇರೆ ಪಾಠಗಳಲ್ಲಿ, ಬೇರೆ ಬೇರೆ ಪುಸ್ತಕಗಳಲ್ಲಿ ನಮಗೆ ಸಿಗುತ್ತವೆ. ಒಬ್ಬನೇ ಮನುಷ್ಯನ ಆಯಸ್ಸಿನೊಳಗೆ ನಡೆದವು ಅಂತ ಯಾರೂ ಹೇಳುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಅಂದರೆ, ಹೀಗೆ ನಿಮಗೆ ಮೊದಲೇ ಸ್ವಲ್ಪ ಗೊತ್ತಿರುವ ಒಂದು ವರ್ಷದಿಂದಲೇ. ಅಲ್ಲಿ ನಿಂತು ಅಕ್ಕಪಕ್ಕ ನೋಡಿ. ಹಿಂದೆ ಮುಂದೆ ಓಡಬೇಡಿ.

ಒಂದು ಹಡಗು ಮುಳುಗಿತು

ತುಂಬಾ ಹಿಂದಿನದರಲ್ಲಿ ಒಂದನ್ನೇ ಆರಿಸಿ ಅಂದರೆ ನಾನು ಕ್ರಿ.ಪೂ. 1200ರ ಆಸುಪಾಸನ್ನು ಆರಿಸುತ್ತೇನೆ. ಪಿರಮಿಡ್ಡುಗಳನ್ನಲ್ಲ. ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯಲ್ಲಿ ಆಗ ಹಿಟ್ಟೈಟರು, ಮೈಸೀನಿಯ ಗ್ರೀಕರು, ಉಗಾರಿಟ್ ಎಂಬ ವ್ಯಾಪಾರಿ ನಗರ, ಈಜಿಪ್ಟ್ ಎಲ್ಲ ಒಬ್ಬರಿಗೊಬ್ಬರು ಕಾಗದ ಬರೆದುಕೊಂಡು, ಸರಕು ಕಳಿಸಿಕೊಂಡು ಬದುಕುತ್ತಿದ್ದವು. ಸುಮಾರು ಐವತ್ತು ವರ್ಷದಲ್ಲಿ ಅದೆಲ್ಲ ಕುಸಿಯಿತು. ಹಿಟ್ಟೈಟರ ರಾಜಧಾನಿ ಹತ್ತುಸಾ ಬರಿದಾಯಿತು. ಗ್ರೀಸಿನವರು ಬರೆಯುವುದನ್ನೇ ಮರೆತರು, ಮತ್ತೆ ಕಲಿಯಲು ಸುಮಾರು ನಾನೂರು ವರ್ಷ ಬೇಕಾಯಿತು. ಉಗಾರಿಟ್‌ನ ಕೊನೆಯ ರಾಜ ಸೈಪ್ರಸ್ಸಿನ ರಾಜನಿಗೆ ಬರೆದ ಮಣ್ಣಿನ ಹಲಗೆಯೊಂದು ಸಿಕ್ಕಿದೆ. ಶತ್ರುಗಳ ಹಡಗು ಬಂದಿವೆ, ಊರುಗಳನ್ನು ಸುಟ್ಟಿದ್ದಾರೆ, ನನ್ನ ಸೈನ್ಯ, ಹಡಗು ಎಲ್ಲ ಬೇರೆ ಕಡೆ ಇವೆ ಎಂಬುದು ಅದರ ಸಾರ. ಬಂದಿದ್ದ ಶತ್ರು ಹಡಗುಗಳು ಏಳೇ ಏಳು.

ಇದು ಯಾಕೆ ಇಷ್ಟು ಬೇಗ ಕುಸಿಯಿತು ಅಂತ ತಿಳಿಯಲು ಅದಕ್ಕಿಂತ ಒಂದು ಶತಮಾನ ಹಿಂದೆ ಟರ್ಕಿಯ ದಕ್ಷಿಣ ತೀರದಲ್ಲಿ ಮುಳುಗಿದ ಒಂದು ಹಡಗನ್ನು ನೋಡಬೇಕು. ಉಲುಬುರುನ್ ಹಡಗು ಅಂತ ಅದಕ್ಕೆ ಹೆಸರು. ಸ್ಪಂಜು ತೆಗೆಯಲು ಮುಳುಗುವವನೊಬ್ಬನಿಗೆ 1982ರಲ್ಲಿ ಕಣ್ಣಿಗೆ ಬಿತ್ತು. ಒಳಗೆ ಸುಮಾರು ಹತ್ತು ಟನ್ ತಾಮ್ರದ ಗಟ್ಟಿ, ಸುಮಾರು ಒಂದು ಟನ್ ತವರ. ಹತ್ತಕ್ಕೆ ಒಂದು. ಕಂಚು ಮಾಡಲು ಬೇಕಾದ ಪ್ರಮಾಣ ಸರಿಯಾಗಿ ಅದೇ. ತಾಮ್ರ ಸೈಪ್ರಸ್ಸಿನದು, ತವರ ಎಲ್ಲೋ ದೂರದ್ದು, ಜೊತೆಗೆ ಆಫ್ರಿಕಾದ ಕರಿಮರ, ಬಾಲ್ಟಿಕ್ ಕಡೆಯ ಅಂಬರು ಮಣಿ. ಒಂದು ಕತ್ತಿ ಮಾಡಲು ಇಷ್ಟು ರಾಜ್ಯಗಳು ನೆಟ್ಟಗಿರಬೇಕು. ಒಂದು ಕೊಂಡಿ ಕಳಚಿದರೆ ಉಳಿದವರ ಕೈಯೂ ಬರಿದು. ಈ ಸರಕುಪಟ್ಟಿ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಹತ್ತು ರಾಜರ ಕತೆ ಓದಿದರೂ ಅಷ್ಟು ಅರ್ಥವಾಗಿರಲಿಲ್ಲ.

ಹಾಗಾಗಿ ನಾನು ಪ್ರತಿ ಕಾಲಕ್ಕೂ ಒಂದು ವಸ್ತು ಇಟ್ಟುಕೊಳ್ಳುತ್ತೇನೆ. ಹಡಗು, ನಾಣ್ಯ, ಹಲಗೆ, ರಸೀದಿ, ಏನಾದರೂ ಸರಿ. ಅದನ್ನು ಮಾಡಿದ್ದು ಯಾರು, ಸಾಮಾನು ಬಂದಿದ್ದು ಎಲ್ಲಿಂದ, ಕೊನೆಗೆ ಮಣ್ಣು ಅಥವಾ ನೀರು ಸೇರಿದ್ದು ಹೇಗೆ, ಇಷ್ಟು ಕೇಳುತ್ತಾ ಹೋದರೆ ಕಾಲದ ಅರ್ಧ ಭಾಗ ಬಿಚ್ಚಿಕೊಳ್ಳುತ್ತದೆ.

ಅಶೋಕನಿಗೆ ತಾರೀಖು ಸಿಕ್ಕಿದ್ದು ಹೇಗೆ

ಕ್ರಿ.ಪೂ. ಮೂರನೇ ಶತಮಾನ ಇನ್ನೊಂದು ಕೀಲು. ಇದನ್ನು ಓದುವಾಗ ಒಂದು ವಿಷಯ ಕಲಿಯಬೇಕು: ಹಳೆಯ ತಾರೀಖುಗಳು ನಮಗೆ ಸಿಗುವುದು ಹೇಗೆ ಅಂತ. ಅಶೋಕನ ಹದಿಮೂರನೇ ಬಂಡೆ ಶಾಸನದಲ್ಲಿ ಐವರು ಯವನ ರಾಜರ ಹೆಸರಿದೆ. ಅಂತಿಯೋಕ, ತುರಮಾಯ, ಅಂತಿಕಿನಿ, ಮಕ, ಅಲಿಕಸುಂದರ. ಸಿರಿಯಾದ ಅಂಟಿಯೋಕಸ್, ಈಜಿಪ್ಟಿನ ಟಾಲೆಮಿ, ಮ್ಯಾಸಿಡೋನಿಯಾದ ಆಂಟಿಗೊನಸ್, ಸೈರೀನಿನ ಮಾಗಸ್, ಗ್ರೀಸ್ ಕಡೆಯ ಒಬ್ಬ ಅಲೆಕ್ಸಾಂಡರ್. ಇವರೆಲ್ಲ ಒಟ್ಟಿಗೆ ಬದುಕಿದ್ದ ವರ್ಷಗಳು ಕೆಲವೇ ಕೆಲವು. ಅಂಟಿಯೋಕಸ್ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 261ರಲ್ಲಿ, ಮಾಗಸ್ ತೀರಿಕೊಂಡದ್ದು 250ರ ಸುಮಾರಿಗೆ. ಹಾಗಾದರೆ ಶಾಸನ ಆ ಕಿಟಕಿಯೊಳಗೇ ಬರಬೇಕು. ಭಾರತದ ಹಳೆಯ ಇತಿಹಾಸದ ಎಷ್ಟೋ ತಾರೀಖುಗಳು ಈ ಒಂದು ಮೊಳೆಗೆ ನೇತುಬಿದ್ದಿವೆ.

ಇನ್ನೊಂದು ಮಾತು. ಶಾಸನಗಳಲ್ಲಿ ಇದ್ದದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ದೇವಾನಾಂಪ್ರಿಯನನ್ನು ಅಶೋಕ ಎಂದು ಹೆಸರಿಟ್ಟು ಕರೆದ ಮಸ್ಕಿಯ ಶಾಸನ ಬೆಳಕಿಗೆ ಬಂದಿದ್ದು 1915ರಲ್ಲಿ, ಚಿನ್ನದ ಅದಿರು ಹುಡುಕುತ್ತಿದ್ದ ಎಂಜಿನಿಯರೊಬ್ಬರ ಕಣ್ಣಿಗೆ ಬಿದ್ದು. ಅದೇ ಕಾಲದಲ್ಲಿ ಬೇರೆ ಕಡೆ ಏನಾಗುತ್ತಿತ್ತು ಅಂತ ಬೇಕಾದರೆ ಹೀಗೆ ಬರೆದುಕೊಳ್ಳಿ: ಅಶೋಕ ಬಂಡೆಗಳ ಮೇಲೆ ಯುದ್ಧ ಬೇಡ ಎಂದು ಬರೆಸುತ್ತಿದ್ದಾಗ ರೋಮ್ ಮತ್ತು ಕಾರ್ಥೇಜ್ ಮೊದಲ ಪ್ಯೂನಿಕ್ ಯುದ್ಧದ ನಡುವಿನಲ್ಲಿದ್ದವು. ಅವನು ತೀರಿಕೊಂಡ ಸುಮಾರು ಹತ್ತು ವರ್ಷದಲ್ಲಿ, ಕ್ರಿ.ಪೂ. 221ರಲ್ಲಿ, ಚಿನ್ ರಾಜ ಚೀನಾವನ್ನು ಒಂದು ಮಾಡಿದ.

ರೋಮ್ ಬಿದ್ದ 476ರ ಬಗ್ಗೆ ನನ್ನನ್ನು ಕೇಳಬೇಡಿ. ಅಲ್ಲಿ ಓದಲು ಬೇಕಾದಷ್ಟಿದೆ, ಆದರೆ ಆ ಇಸವಿ ಸುಮ್ನೆ ಒಂದು ಅನುಕೂಲ. ಪೂರ್ವದ ರೋಮ್ ಇನ್ನೂ ಸಾವಿರ ವರ್ಷ ಬಾಳಿತು.

1347

ಈ ವರ್ಷ ಕಪ್ಪು ಸಾವು ಎಂಬ ಪ್ಲೇಗ್ ಸಿಸಿಲಿಯ ಮೆಸ್ಸೀನಾ ಬಂದರಿಗೆ ಬಂತು. ಇದೇ ವರ್ಷ ದಖ್ಖನ್ನಿನಲ್ಲಿ ಬಹಮನಿ ರಾಜ್ಯ ಹುಟ್ಟಿತು. ಒಂದಕ್ಕೊಂದು ಸಂಬಂಧ ಇಲ್ಲ. ಸಂಬಂಧ ಇಲ್ಲ ಅಂತ ಗೊತ್ತಿರುವುದೂ ಮುಖ್ಯವೇ, ಪಕ್ಕಪಕ್ಕ ಬರೆದದ್ದನ್ನೆಲ್ಲ ಗಂಟು ಹಾಕುವ ಚಟ ನನಗೂ ಇತ್ತು.

ಮೊರೊಕ್ಕೊದ ಇಬ್ನ್ ಬತೂತಾ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನ ಹತ್ತಿರ ಖಾಜಿಯಾಗಿದ್ದವನು. ಊರಿಗೆ ಮರಳುವಾಗ 1348ರಲ್ಲಿ ಡಮಾಸ್ಕಸ್‌ನಲ್ಲಿ ಪ್ಲೇಗಿನ ನಡುವೆ ಸಿಕ್ಕಿಕೊಂಡ. ಊರಿನವರೆಲ್ಲ ಮೂರು ದಿನ ಉಪವಾಸವಿದ್ದು ಪ್ರಾರ್ಥನೆಗೆ ಹೊರಟದ್ದನ್ನು ನೋಡಿದ. ಮುಸ್ಲಿಮರು, ಯಹೂದಿಗಳು, ಕ್ರೈಸ್ತರು, ತಂತಮ್ಮ ಗ್ರಂಥ ಹಿಡಿದು ಅಳುತ್ತಾ ನಡೆದರಂತೆ.

ಈ ಕಾಲದಲ್ಲಿ ಸತ್ತವರ ಲೆಕ್ಕಕ್ಕಿಂತ ಉಳಿದವರ ಲೆಕ್ಕ ನೋಡಿ. ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಆಳು ಸಿಗದೆ ಕೂಲಿ ಏರಿತು. ಪ್ಲೇಗಿಗೆ ಮುಂಚಿನ ಕೂಲಿಗಿಂತ ಜಾಸ್ತಿ ಕೇಳಬಾರದು, ಕೊಡಬಾರದು ಎಂದು 1351ರಲ್ಲಿ ಕಾನೂನು ಬಂತು. ಕಾನೂನು ಮಾಡಬೇಕಾಯಿತು ಅಂದರೆ ಜನ ಕೇಳುತ್ತಿದ್ದರು, ಧಣಿಗಳು ಕೊಡುತ್ತಿದ್ದರು ಅಂತಲೇ ಅರ್ಥ. 1381ರಲ್ಲಿ ರೈತರು ದಂಗೆ ಎದ್ದರು. ಈಜಿಪ್ಟಿನಲ್ಲಿ ಬೇರೆಯೇ ಆಯಿತು. ನೈಲ್ ಕಾಲುವೆಗಳ ಹೂಳು ತೆಗೆಯಲು ಜನ ಸಿಗದೆ ಬೇಸಾಯವೇ ಹಾಳಾಯಿತು. ರೋಗ ಒಂದೇ, ಫಲ ಎರಡು. ನಿಷೇಧ ಕಂಡ ಕಡೆಯೆಲ್ಲ ಅದರ ಹಿಂದೆ ಜನ ಏನು ಮಾಡುತ್ತಿದ್ದರು ಅಂತ ಕೇಳಿಕೊಳ್ಳಿ. ಹಳೆಯ ಕಾನೂನು ಓದುವ ಗುಟ್ಟು ಅದು.

ಬೆಳ್ಳಿ, ಕಾಗದ, ಒಂದು ಯುದ್ಧ

ಮುಂದಿನದ್ದನ್ನು ಬೇಗ ಹೇಳುತ್ತೇನೆ, ಯಾಕೆಂದರೆ ಈ ಕಾಲಗಳ ಬಗ್ಗೆ ಓದಲು ಎಲ್ಲ ಕಡೆ ಸಿಗುತ್ತದೆ.

1492ಕ್ಕಿಂತ 1571 ನನಗೆ ಇಷ್ಟ. ಆ ವರ್ಷ ಸ್ಪೇನಿನವರು ಮನಿಲಾದಲ್ಲಿ ನೆಲೆ ನಿಂತರು. ಮೆಕ್ಸಿಕೋದ ಅಕಾಪುಲ್ಕೊದಿಂದ ಬೆಳ್ಳಿ ಹೊತ್ತ ಹಡಗುಗಳು ಶಾಂತ ಸಾಗರ ದಾಟಿ ಅಲ್ಲಿಗೆ ಬರತೊಡಗಿದವು, ಚೀನಾದ ರೇಷ್ಮೆ ಹೊತ್ತು ವಾಪಸ್ ಹೋದವು. 1545ರಲ್ಲಿ ಗಣಿ ಶುರುವಾದ ಪೊಟೊಸಿಯ ಬೆಟ್ಟದಲ್ಲಿ ಆಂಡೀಸ್‌ನ ಜನ ಬಲವಂತಕ್ಕೆ ದುಡಿದು ತೆಗೆದ ಬೆಳ್ಳಿಯಲ್ಲಿ ದೊಡ್ಡ ಪಾಲು ಕೊನೆಗೆ ಮಿಂಗ್ ಚೀನಾ ಸೇರಿತು. ಅಲ್ಲಿ ಕಂದಾಯವನ್ನು ಬೆಳ್ಳಿಯಲ್ಲೇ ಕಟ್ಟಬೇಕಾಗಿತ್ತು. ಅಷ್ಟು ಬೆಳ್ಳಿ ಕೈಯಲ್ಲಿ ಹಾದುಹೋದರೂ ಸ್ಪೇನಿನ ರಾಜ ಸಾಲ ತೀರಿಸಲಾಗದೆ ಮತ್ತೆ ಮತ್ತೆ ಕೈ ಎತ್ತಿದ, 1557, 1575, 1596. ಲೆಕ್ಕ ಬರೆಯುವವನಿಗೆ ಇದಕ್ಕಿಂತ ರುಚಿಯಾದ ಕತೆ ಬೇಕೇ?

1789ರಿಂದ 1804ರವರೆಗಿನ ಹದಿನೈದು ವರ್ಷವನ್ನು ಪ್ಯಾರಿಸ್‌ನಲ್ಲಿ ನಿಂತು ಓದಬೇಡಿ. ಕೈರೋ, ಶ್ರೀರಂಗಪಟ್ಟಣ ಮತ್ತು ಹೈಟಿಯಲ್ಲಿ ನಿಂತು ಓದಿ. 1798ರಲ್ಲಿ ಈಜಿಪ್ಟಿಗೆ ಬಂದ ನೆಪೋಲಿಯನ್ 1799ರ ಜನವರಿಯಲ್ಲಿ ಟಿಪ್ಪುವಿಗೆ ಕಾಗದ ಬರೆದ, ಇಂಗ್ಲಿಷರ ನೊಗದಿಂದ ನಿಮ್ಮನ್ನು ಬಿಡಿಸಲು ಬಂದಿದ್ದೇನೆ ಎಂಬ ಧಾಟಿಯಲ್ಲಿ. ಅದು ಇಂಗ್ಲಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅತ್ತ ಹೈಟಿಯಲ್ಲಿ 1791ರಲ್ಲಿ ದಂಗೆ ಎದ್ದ ಗುಲಾಮರು ನೆಪೋಲಿಯನ್ನನ ಸೈನ್ಯವನ್ನೂ ಸೋಲಿಸಿ 1804ರಲ್ಲಿ ಸ್ವತಂತ್ರರಾದರು. ಹಳದಿ ಜ್ವರವೂ ಅವರ ಕಡೆಗಿತ್ತು. ಅಮೆರಿಕ ಖಂಡದ ಆಸೆ ಬಿಟ್ಟ ಅವನು 1803ರಲ್ಲಿ ಲೂಸಿಯಾನಾವನ್ನೇ ಮಾರಿಬಿಟ್ಟ.

ಇಪ್ಪತ್ತನೇ ಶತಮಾನದಲ್ಲಿ ಎಲ್ಲರೂ 1939ರಿಂದ 45 ಓದುತ್ತಾರೆ. ಟ್ಯಾಂಕುಗಳ ಮಾದರಿ ಸಮೇತ ಹೇಳುವವರಿದ್ದಾರೆ. ನನ್ನ ಮಾತು ಕೇಳುವುದಾದರೆ 1914ರಿಂದ 1923 ಓದಿ. ಆಟೋಮನ್, ರಷ್ಯಾ, ಆಸ್ಟ್ರಿಯಾ, ಜರ್ಮನಿ, ನಾಲ್ಕು ಸಿಂಹಾಸನ ಬಿದ್ದ ಕಾಲ. ಇಂದಿನ ಪತ್ರಿಕೆಯ ಅರ್ಧ ಸುದ್ದಿಯ ಬೇರು ಅಲ್ಲಿದೆ. ಅದರಲ್ಲೂ 1919ರ ಮೊದಲ ಐದು ತಿಂಗಳು: ಮಾರ್ಚ್ 1ಕ್ಕೆ ಕೊರಿಯಾದಲ್ಲಿ ಜಪಾನಿನ ವಿರುದ್ಧ ಚಳವಳಿ, ಅದೇ ತಿಂಗಳು ಈಜಿಪ್ಟಿನಲ್ಲಿ ಬ್ರಿಟಿಷರ ವಿರುದ್ಧ ದಂಗೆ, ಏಪ್ರಿಲ್ 13ಕ್ಕೆ ಜಲಿಯನ್‌ವಾಲಾ ಬಾಗ್, ಮೇ 4ಕ್ಕೆ ಬೀಜಿಂಗ್‌ನಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆ. ಪ್ಯಾರಿಸ್‌ನ ಶಾಂತಿ ಸಭೆಯಲ್ಲಿ ದೊಡ್ಡವರು ನಕ್ಷೆ ಹರಡಿಕೊಂಡು ಕೂತಿದ್ದಾಗ ಹೊರಗೆ ನಡೆಯುತ್ತಿದ್ದದ್ದು ಇದು.

ಹಾಳೆ ಮಾಡುವುದು ಹೇಗೆ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಎಡಗಡೆ ಮೇಲಿಂದ ಕೆಳಗೆ ಐದೈದು ವರ್ಷದ ಸಾಲು. ಮೇಲೆ ಅಡ್ಡಕ್ಕೆ ಜಾಗಗಳು. ನಾನು ಆರು ಬರೆಯುತ್ತೇನೆ: ಚೀನಾ, ಭಾರತ, ಪಶ್ಚಿಮ ಏಷ್ಯಾ, ಆಫ್ರಿಕಾ, ಯೂರೋಪ್, ಅಮೆರಿಕ ಖಂಡಗಳು. ದೊಡ್ಡ ಘಟನೆಗೆ ಮೂವತ್ತು ವರ್ಷ ಹಿಂದಿನಿಂದ ಶುರು ಮಾಡಿ. ಸ್ಯೂಟಾದ ಪೆಟ್ಟು ತಿಂದ ಮೇಲೆ ನಾನು ನಲವತ್ತು ಮಾಡಿಕೊಂಡಿದ್ದೇನೆ. ಓದಿದ್ದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಒಂದೇ ಸಂಗತಿಯನ್ನು ಪರಸ್ಪರ ಆಗದ ಇಬ್ಬರು ಹೇಳಿದ್ದು ಸಿಕ್ಕಾಗ ಮಾತ್ರ ಮೇಲೆ ಶಾಯಿ ಹಾಕಿ. ನನ್ನ ಹಾಳೆಗಳಲ್ಲಿ ಶಾಯಿ ತುಂಬಾ ಕಡಿಮೆ.

ಪಂಚಾಂಗದ ವಿಷಯದಲ್ಲಿ ಹುಷಾರು. ರಷ್ಯಾದ ಅಕ್ಟೋಬರ್ ಕ್ರಾಂತಿ ನಡೆದಿದ್ದು ನಮ್ಮ ಕ್ಯಾಲೆಂಡರಿನ ಪ್ರಕಾರ 1917ರ ನವೆಂಬರ್ 7ರಂದು. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆ, ಆದರೆ ವರ್ಷದ ಕೊನೆಯ ತಿಂಗಳುಗಳಾದರೆ 79. ಹಿಜರಿ ಚಂದ್ರನ ವರ್ಷ, ಸೌರ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದು. ಅದನ್ನು ಬರೀ 622 ಕೂಡಿಸಿ ಲೆಕ್ಕ ಮಾಡಿದರೆ ದಶಕಗಳೇ ತಪ್ಪುತ್ತವೆ. ಒಂದು ಸಲ ನಾನು ಹಾಗೆ ಮಾಡಿ, ಒಬ್ಬ ಸುಲ್ತಾನನನ್ನು ಅವನು ಸತ್ತ ಮೇಲೂ ಇಪ್ಪತ್ತು ವರ್ಷ ಆಳಿಸಿದ್ದೆ.

ನಕ್ಷೆಯನ್ನು ಕೈಯಲ್ಲೇ ಬಿಡಿಸಿ, ಗಡಿ ಹಾಕದೆ. ನದಿ, ಬೆಟ್ಟ, ಬಂದರು ಸಾಕು. ಗಡಿ ಹಾಕಿದ ಕೂಡಲೇ ಇಂದಿನ ದೇಶಗಳು ತಲೆಯೊಳಗೆ ಬಂದು ಕೂತುಬಿಡುತ್ತವೆ.

ಒಂದು ಕಾಲಕ್ಕೆ ನನಗೆ ಆರು ತಿಂಗಳು ಬೇಕಾಗುತ್ತದೆ. ಮೊದಲು ಆ ಕಾಲದ ಬಗ್ಗೆ ಒಂದು ಸರಳ ಪುಸ್ತಕ, ಆಮೇಲೆ ಆ ಕಾಲದವರೇ ಬರೆದದ್ದು ಒಂದು, ಅನುವಾದವಾದರೂ ಪರವಾಗಿಲ್ಲ. ಆಮೇಲೆ ಮೊದಲನೆಯ ಪುಸ್ತಕವನ್ನು ತಪ್ಪು ಅನ್ನುವ ಇನ್ನೊಂದು. ಮೂರನೆಯದನ್ನು ಬಿಡಬೇಡಿ. ನಾನು ಅದನ್ನು ಬಿಟ್ಟಿದ್ದಕ್ಕೇ ಸಭೆಯಲ್ಲಿ ನೀರು ಕುಡಿಯಬೇಕಾಯಿತು.

ಮೇಲಿನ ಪಟ್ಟಿ ನನ್ನದು. ಇದರಲ್ಲಿ ಎರಡನ್ನು ಹೊಡೆದುಹಾಕಿ ನಿಮ್ಮ ಎರಡನ್ನು ಸೇರಿಸಿಕೊಳ್ಳಿ. ಮಂಗೋಲರನ್ನು ಯಾಕೆ ಬಿಟ್ಟೆ ಅಂತ ಕೇಳುವವರು ಇದ್ದೇ ಇರುತ್ತಾರೆ. ಅವರ ಪ್ರಶ್ನೆ ಸರಿಯಾಗಿಯೇ ಇದೆ. 1258ರಲ್ಲಿ ಬಾಗ್ದಾದ್ ಬಿದ್ದದ್ದಕ್ಕೆ ಒಂದು ಹಾಳೆ ಮಾಡಿಟ್ಟಿದ್ದೇನೆ, ಆದರೆ ಆಫ್ರಿಕಾದ ಕಂಬಸಾಲಿನಲ್ಲಿ ಎರಡೇ ಸಾಲು ಬಂದಿವೆ. ಈ ಮಳೆಗಾಲ ಪೂರ್ತಿ ಮಾಲಿಯ ಬಗ್ಗೆ ಓದುತ್ತಿದ್ದೇನೆ, ಪೆನ್ಸಿಲ್ ಕೆತ್ತಿಟ್ಟುಕೊಂಡು.